ಕಿರುಬೆರಳಿನ ದೂರು



ಕಳೆದ ನವರಾತ್ರಿಯ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಗೃಹಪ್ರವೇಶದ ಕರೆಯೋಲೆ ಕೊಡಲು ಮನೆಗೆ ಬಂದಿದ್ದಳು. ಪ್ರೌಢಶಾಲೆಯಲ್ಲಿ ಮೂರು ವರ್ಷ ಮೊದಲ ಬೆಂಚಿನಲ್ಲಿ ಕುಳಿತವಳು. ಈಗ ಸರಕಾರಿ ಕಛೇರಿಯೊಂದರಲ್ಲಿ ಗಣಕಯಂತ್ರದ ಮುಂದೆ ಕುಳಿತು ಇಪ್ಪತ್ತು ವರ್ಷ ಸಮೀಪಿಸುತ್ತಿದೆ. ನನ್ನಾಕೆ ಕಾಫಿಯ ಲೋಟ ಮುಂದೆ ಮಾಡಿದಾಗ ಅವಳು ಬಲಗೈ ಚಾಚಿ, ಅರ್ಧದಲ್ಲೇ ಹಿಂದೆ ತೆಗೆದು, ಎಡಗೈಯಿಂದ ಲೋಟ ಹಿಡಿದಳು. ಹಿರಿಯರ ಮನೆಯಲ್ಲಿ ಎಡಗೈಯಲ್ಲಿ ತೆಗೆದುಕೊಂಡೆನಲ್ಲಾ ಎಂಬ ಸಂಕೋಚ ಅವಳ ಮುಖದಲ್ಲಿ ಕಂಡಿತು. ನಾನು ಕೇಳಿದೆ. “ಏನಿಲ್ಲ ಸರ್, ಬಲಗೈ ಕಿರುಬೆರಳಿಂದ ಮೊಣಕೈವರೆಗೂ ಸೆಳೀತದೆ. ಟೈಪ್ ಮಾಡಿ ಮಾಡಿ ಹೀಗಾಗಿದೆ. ಅಭ್ಯಾಸ ಆಗಿಹೋಗಿದೆ ಬಿಡಿ” ಎಂದಳು.

ನೋವು ಅಭ್ಯಾಸವಾಗಿಹೋಗಿದೆ ಎನ್ನುವ ಆ ಮಾತು ನನ್ನನ್ನು ಚುಚ್ಚಿತು. ಏಕೆಂದರೆ ಆ ಪಾಠವನ್ನು ಅವಳಿಗೆ ಕಲಿಸಿದವರಲ್ಲಿ ನಾನೂ ಒಬ್ಬ. ನನ್ನ ತರಗತಿಯಲ್ಲಿ ಕುಳಿತವರಿಗೆಲ್ಲ ನೆನಪಿರಬಹುದು: ತಪ್ಪಿಗೆ ನೂರು ಸಲ ಬರೆಯುವ ಶಿಕ್ಷೆ, ದಿನಕ್ಕೊಂದು ಪುಟ ಕಾಪಿ ಬರಹ. ಕೈ ನೋಯುತ್ತದೆ ಎಂದವರಿಗೆ, “ಕೈ ನೊಂದರೇ ಅಕ್ಷರ ದುಂಡಾಗುವುದು” ಎಂದು ಹೇಳಿ ಮುಂದೆ ಹೋಗುತ್ತಿದ್ದೆ. ಅಕ್ಷರ ದುಂಡಾಯಿತು, ಸುಳ್ಳಲ್ಲ. ಆದರೆ ಕೈ ಏನನ್ನಾದರೂ ಹೇಳುತ್ತಿದ್ದರೆ ಅದನ್ನು ಕೇಳಬಾರದು ಎಂಬ ಇನ್ನೊಂದು ಪಾಠವೂ ಅದರ ಜೊತೆಗೇ ಮಕ್ಕಳ ಮೈಗೆ ಇಳಿಯಿತು. ಈ ಲೇಖನವನ್ನು ಆ ಪಾಠಕ್ಕೆ ನಾನು ಬರೆಯುತ್ತಿರುವ ತಿದ್ದುಪಡಿ ಎಂದು ತಿಳಿಯಿರಿ. ವಿಷಯ ಬಹಳ ಸಣ್ಣದು, ಕೀಲಿಮಣೆ. ನಿತ್ಯ ಕನ್ನಡದಲ್ಲಿ ಬೆರಳಚ್ಚಿಸುವವರು ಎಂಥ ಕೀಲಿಮಣೆಯನ್ನು ಆರಿಸಿಕೊಳ್ಳಬೇಕು, ಹೇಗೆ ಕುಳಿತುಕೊಳ್ಳಬೇಕು ಎಂಬುದು.

ಇದರಲ್ಲಿ ನನಗೇನು ಅಧಿಕಾರ ಎಂದು ಕೇಳುವಿರಾದರೆ, ಪೆಟ್ಟು ತಿಂದವನ ಅಧಿಕಾರ. ನಿವೃತ್ತನಾದ ಮೇಲೆ ನಾನು ಬೆರಳಚ್ಚು ಕಲಿತವನು. ಊರಿನ ಕಥೆ, ಶಾಲೆಯ ಕಥೆ ಎಂದು ದಿನಕ್ಕೆ ಮೂರು ನಾಲ್ಕು ಗಂಟೆ ಬರೆಯತೊಡಗಿ ಎರಡನೆಯ ವರ್ಷಕ್ಕೆ ಬಲಗೈ ಮಣಿಕಟ್ಟು ಊದಿಕೊಂಡು, ಚೊಂಬು ಎತ್ತುವುದೂ ಕಷ್ಟವಾಯಿತು. ಬರೆಯುವುದನ್ನೇ ಬಿಟ್ಟೆ. ನಾಲ್ಕು ತಿಂಗಳು ನನ್ನಿಂದ ಸುದ್ದಿಯೇ ಇಲ್ಲವೆಂದು ನಿಮ್ಮಲ್ಲಿ ಹಲವರು ವಿಚಾರಿಸಿದಿರಲ್ಲ, ಅದು ಆ ಕಾಲ. ಆಗ ಅಮೆರಿಕದಲ್ಲಿರುವ ನನ್ನ ಶಿಷ್ಯನೊಬ್ಬ ನಡುವೆ ಸೀಳಿದಂತಿರುವ, ಬೆನ್ನು ಉಬ್ಬಿದ ಕೀಲಿಮಣೆಯೊಂದನ್ನು ಕಳುಹಿಸಿಕೊಟ್ಟ. ಅದರ ಬೆಲೆಯನ್ನು ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ಆದರೂ ಹೇಗೋ ತಿಳಿದು ಎರಡು ರಾತ್ರಿ ನಿದ್ದೆ ಬರಲಿಲ್ಲ.

ಆ ಕೀಲಿಮಣೆಯ ಮೊದಲ ವಾರದ ಅನುಭವ ವಿನೋದದ್ದು. ಅದರಲ್ಲಿ ಆಂಗ್ಲದ ಬಿ ಅಕ್ಷರದ ಕೀಲಿ, ಅಂದರೆ ನಮ್ಮ ‘ಬ’, ಎಡಭಾಗದ ತುಂಡಿನಲ್ಲಿದೆ. ಶಾಸ್ತ್ರೋಕ್ತವಾಗಿ ಬೆರಳಚ್ಚು ಕಲಿತವರು ಅದನ್ನು ಎಡಗೈ ತೋರುಬೆರಳಿನಿಂದಲೇ ಒತ್ತುತ್ತಾರೆ. ಗುರುವಿಲ್ಲದೆ ಕಲಿತ ನನ್ನದು ಬಲಗೈ ಪದ್ಧತಿ. ಬಲಗೈ ಪ್ರತಿ ಸಲವೂ ನಡುವಣ ಖಾಲಿ ಜಾಗವನ್ನು ಕುಟ್ಟಿ, ‘ಬರಹ’ ‘ರಹ’ವಾಗಿ, ‘ಬಸವಣ್ಣ’ ‘ಸವಣ್ಣ’ನಾಗಿ ನಿಂತನು. ಎರಡು ತಿಂಗಳಲ್ಲಿ ಕೈ ತಿದ್ದಿಕೊಂಡಿತು. ಆದರೆ ನೋವು ಮಾತ್ರ ಇದ್ದಲ್ಲೇ ಇತ್ತು.

ಫಿಸಿಯೋಥೆರಪಿ ಕಲಿತ ನನ್ನ ಭಾವಮೈದುನನ ಮಗಳು ಹಬ್ಬಕ್ಕೆ ಬಂದವಳು ನಾನು ಬರೆಯುತ್ತಿದ್ದುದನ್ನು ಬಾಗಿಲಲ್ಲಿ ನಿಂತು ನೋಡಿ ನಕ್ಕಳು. “ಮಾವಾ, ಕೀಬೋರ್ಡು ಹೊಸದು, ಕೂತಿರೋದು ಊಟದ ಮೇಜಿನ ಮುಂದೆ! ನಿಮ್ಮ ಭುಜ ನೋಡಿ, ಕಿವಿ ಮುಟ್ಟುತ್ತಿದೆ” ಎಂದಳು. ಕಾರ್ಪೆಂಟರನ ಟೇಪು ತರಿಸಿ ಅಳೆದಳು. ಮೇಜು ಎಪ್ಪತ್ತೈದು ಸೆಂಟಿಮೀಟರ್ ಎತ್ತರ. ಕುರ್ಚಿಯಲ್ಲಿ ಕುಳಿತಾಗ ನನ್ನ ಮೊಣಕೈ ನೆಲದಿಂದ ಅರವತ್ತಾರು ಸೆಂಟಿಮೀಟರ್. ಅಂದರೆ ಒಂಬತ್ತು ಸೆಂಟಿಮೀಟರ್ ಎತ್ತರಕ್ಕೆ ನಾನು ದಿನಕ್ಕೆ ಮೂರು ಗಂಟೆ ಕೈಗಳನ್ನು ಎತ್ತಿ ಹಿಡಿದಿದ್ದೆ. ಕೀಲಿಮಣೆ ಮೊಣಕೈಯ ಮಟ್ಟದಲ್ಲಿ, ಅಥವಾ ಕೂದಲೆಳೆ ಕೆಳಗೆ ಇರಬೇಕು, ಮೊಣಕೈ ಸುಮಾರು ತೊಂಬತ್ತು ಡಿಗ್ರಿ ಅಥವಾ ತುಸು ಹೆಚ್ಚು ತೆರೆದಿರಬೇಕು, ಭುಜ ಇಳಿಬಿದ್ದಿರಬೇಕು, ಅಂಗೈಯ ಹಿಂಬದಿ ಮತ್ತು ಮುಂಗೈ ಒಂದೇ ಸಮತಲದಲ್ಲಿರಬೇಕು. ಇದಿಷ್ಟು ಅವಳ ಪಾಠ.

ಹುಡುಗರು ಬರೆಯುವಾಗ ಬೆನ್ನು ನೆಟ್ಟಗಿರಲಿ ಎಂದು ಮೂವತ್ತು ವರ್ಷ ಗದರಿದ ಮನುಷ್ಯನಿಗೆ ಇದನ್ನು ಯಾರೋ ಬಂದು ಹೇಳಬೇಕಾಯಿತು ನೋಡಿ!

ಆಮೇಲೆ ಯೋಚಿಸಿದಾಗ ನನಗೆ ಹೊಳೆದದ್ದು, ಈ ಎಡವಟ್ಟು ನನ್ನೊಬ್ಬನದಲ್ಲ ಎಂದು. ಹಿಂದೆ ತಾಲೂಕು ಕೇಂದ್ರಗಳಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟುಗಳಿದ್ದವಲ್ಲ, ಅಲ್ಲಿ ರೆಮಿಂಗ್ಟನ್, ಗೋದ್ರೇಜ್, ಹಾಲ್ಡಾ ಯಂತ್ರಗಳನ್ನು ಇಡುತ್ತಿದ್ದ ಮೇಜುಗಳು ಬರೆಯುವ ಮೇಜಿಗಿಂತ ತಗ್ಗಾಗಿರುತ್ತಿದ್ದವು. ಯಂತ್ರ ಎತ್ತರವಾದ್ದರಿಂದ ಮೇಜು ತಗ್ಗಾಗಲೇಬೇಕೆಂಬ ವಿವೇಕ ಆಗ ಇತ್ತು. ಯಂತ್ರ ಹೋಗಿ ಗಣಕ ಬಂದಾಗ ಆ ತಗ್ಗು ಮೇಜೂ ಗುಜರಿಗೆ ಹೋಯಿತು. ಗಣಕವನ್ನು ತಂದು ಗುಮಾಸ್ತರ ಬರೆಯುವ ಮೇಜಿನ ಮೇಲಿಟ್ಟರು. ಬರೆಯುವಾಗ ಮುಂಗೈಯನ್ನು ಮೇಜಿನ ಮೇಲೆ ಊರುತ್ತೇವೆ. ಹತ್ತು ಬೆರಳುಗಳಿಂದ ಬೆರಳಚ್ಚಿಸುವಾಗ ಹಾಗೆ ಊರಲಾಗದು. ಎರಡಕ್ಕೂ ಒಂದೇ ಎತ್ತರ ಸಲ್ಲದು. ಇನ್ನೊಂದು ಮಾತು: ಹಳೆಯ ಯಂತ್ರದಲ್ಲಿ ಸಾಲು ಮುಗಿದಾಗ ಗಾಲಿಯನ್ನು ಎಡಗೈಯಿಂದ ಸರಿಸಬೇಕಿತ್ತು, ಪುಟ ಮುಗಿದಾಗ ಕಾಗದ ಬದಲಿಸಬೇಕಿತ್ತು, ಕಾರ್ಬನ್ ಜೋಡಿಸಬೇಕಿತ್ತು. ಆ ಪುಟ್ಟ ಬಿಡುವುಗಳು ಕೈಗೆ ಔಷಧವಾಗಿದ್ದವು. ಗಣಕದಲ್ಲಿ ಸಾಲು ತಾನಾಗಿ ಇಳಿಯುತ್ತದೆ, ಪುಟ ತಾನಾಗಿ ತಿರುಗುತ್ತದೆ, ಬೆರಳಿಗೆ ಬಿಡುವೇ ಇಲ್ಲ. ಅದರಿಂದಲೇ ಅರ್ಧ ಗಂಟೆಗೊಮ್ಮೆ ನಾನು ಎದ್ದು ಹಿತ್ತಿಲಿಗೆ ಹೋಗಿ ಒಂದು ಚೊಂಬು ನೀರನ್ನು ಮಲ್ಲಿಗೆ ಬಳ್ಳಿಗೆ ಹಾಕಿ ಬರುತ್ತೇನೆ. ಬಳ್ಳಿಯ ಬೇರು ಕೊಳೆಯುತ್ತದೆಂದು ನನ್ನಾಕೆಯ ಆಕ್ಷೇಪಣೆ ಇದೆ.

ಕೀಲಿಮಣೆಯ ರೂಪಕ್ಕೆ ಬರೋಣ. ಇಂದು ನಮ್ಮ ಮುಂದಿರುವ ಕೀಲಿಗಳ ಜೋಡಣೆ ಅಮೆರಿಕದ ಮಿಲ್ವಾಕಿ ಪಟ್ಟಣದ ಕ್ರಿಸ್ಟೋಫರ್ ಲ್ಯಾಥಮ್ ಶೋಲ್ಸ್ ಎಂಬಾತನ ಪ್ರಯೋಗಗಳಿಂದ ಹುಟ್ಟಿದ್ದು. ಆತನೂ ಜೊತೆಗಾರರೂ ಪೇಟೆಂಟ್ ಪಡೆದದ್ದು 1868ರಲ್ಲಿ. ಬಂದೂಕು ತಯಾರಿಸುತ್ತಿದ್ದ ರೆಮಿಂಗ್ಟನ್ ಸಂಸ್ಥೆ ಯಂತ್ರವನ್ನು ಮಾರುಕಟ್ಟೆಗೆ ತಂದದ್ದು 1874ರಲ್ಲಿ. ಅಕ್ಷರಗಳನ್ನು ಹೀಗೇಕೆ ಜೋಡಿಸಿದರೆಂಬ ಬಗ್ಗೆ ಪಂಡಿತರಲ್ಲಿ ಇಂದಿಗೂ ಒಮ್ಮತವಿಲ್ಲ. ಆದರೆ ಕೀಲಿಗಳ ಸಾಲುಗಳು ಒಂದರ ಕೆಳಗೊಂದು ನೇರವಾಗಿಲ್ಲದೆ ಓರೆಯಾಗಿ ಸರಿದಿರುವುದಕ್ಕೆ ಕಾರಣ ಸ್ಪಷ್ಟ: ಪ್ರತಿ ಕೀಲಿಯ ಅಡಿಯಿಂದ ಹೊರಡುವ ಸರಳುಗಳು ಒಂದಕ್ಕೊಂದು ತಾಗದಿರಲೆಂದು. ಸರಳುಗಳು ಮಾಯವಾಗಿ ಎಷ್ಟೋ ಕಾಲವಾಯಿತು, ಓರೆ ಮಾತ್ರ ಉಳಿದಿದೆ. ಶಿಫ್ಟ್ ಕೀಲಿಯ ಕಥೆಯೂ ಇಂಥದ್ದೇ. ರೆಮಿಂಗ್ಟನ್ನಿನ 1878ರ ಎರಡನೆಯ ಮಾದರಿಯಲ್ಲಿ ಬಂದ ಆ ಕೀಲಿ ಗಾಲಿಯನ್ನೇ ಜರುಗಿಸುತ್ತಿತ್ತು. ಹೆಸರು ಬಂದದ್ದೂ ಹಾಗೆಯೇ. ಅಷ್ಟು ಭಾರದ ಕೆಲಸವನ್ನು ಕೈಯ ಅತ್ಯಂತ ದುರ್ಬಲವಾದ ಕಿರುಬೆರಳಿಗೆ ಒಪ್ಪಿಸಿದರು. ಆಂಗ್ಲರಿಗೆ ಅದರಿಂದ ಮಹಾ ತೊಂದರೆಯೇನೂ ಆಗಲಿಲ್ಲ, ಏಕೆಂದರೆ ಅವರಿಗೆ ದೊಡ್ಡಕ್ಷರ ಬೇಕಾಗುವುದು ವಾಕ್ಯದ ತಲೆಯಲ್ಲಿ, ಹೆಸರಿನ ತಲೆಯಲ್ಲಿ.

ಕನ್ನಡಿಗರ ಪಾಡು ಬೇರೆ. ನಾವು ‘ನುಡಿ’ ತಂತ್ರಾಂಶದಲ್ಲಿ ಬಳಸುವ ವಿನ್ಯಾಸವನ್ನು ರೂಪಿಸಿದವರು ಕಿನ್ನಿಕಂಬಳ ಪದ್ಮನಾಭ ರಾಯರು, ಎಲ್ಲರೂ ಕೆ. ಪಿ. ರಾವ್ ಎಂದು ಕರೆಯುವ ಮಹನೀಯರು. ಇಪ್ಪತ್ತಾರು ಕೀಲಿಗಳಲ್ಲಿ ನಮ್ಮ ಇಡೀ ವರ್ಣಮಾಲೆಯನ್ನು ಅಡಗಿಸಿದ ಅವರ ಬುದ್ಧಿಗೆ ನಾನು ಕೈ ಮುಗಿಯುತ್ತೇನೆ. ಕ ಬೇಕಾದಲ್ಲಿ ಕೆ, ಮ ಬೇಕಾದಲ್ಲಿ ಎಂ. ಒತ್ತಕ್ಷರಕ್ಕೆ ನಡುವೆ ಎಫ್. ನಾನು ಅರವತ್ತರ ವಯಸ್ಸಿನಲ್ಲಿ ಒಂದೇ ವಾರದಲ್ಲಿ ಕಲಿತದ್ದು ಅದು ಅಷ್ಟು ಸರಳವಾದ್ದರಿಂದಲೇ. ಅದರಲ್ಲೂ ಎಫ್ ಕೀಲಿ ಎಡಗೈ ತೋರುಬೆರಳಿನ ಅಡಿಯಲ್ಲೇ, ಮನೆಯ ಸಾಲಿನಲ್ಲೇ ಇರುವುದು ಒತ್ತಕ್ಷರಗಳ ಭಾಷೆಗೆ ದೊಡ್ಡ ಉಪಕಾರ. ಆದರೆ ಇಪ್ಪತ್ತಾರರಲ್ಲಿ ಅಡಗಿಸಿದ್ದಕ್ಕೆ ಕೊಟ್ಟ ಬೆಲೆಯೂ ಇದೆ: ದೀರ್ಘಗಳಿಗೆಲ್ಲ ಶಿಫ್ಟ್. ಮಹಾಪ್ರಾಣಗಳಿಗೆ ಶಿಫ್ಟ್. ಣ, ಳ, ಶ, ಅನುಸ್ವಾರ ಎಲ್ಲಕ್ಕೂ ಶಿಫ್ಟ್.

ಮೇಷ್ಟರ ಚಾಳಿ, ಲೆಕ್ಕ ಹಾಕದೆ ಇರಲಾರೆ. ‘ನಾನು ಶಾಲೆಗೆ ಹೋಗುತ್ತಿದ್ದಾಗ’ ಎಂಬ ಮೂರು ಪದಗಳನ್ನು ತೆಗೆದುಕೊಳ್ಳಿ. ನುಡಿಯಲ್ಲಿ ಇದಕ್ಕೆ, ತೆರಪು ಬಿಟ್ಟು, 23 ಸಲ ಕೀಲಿ ಒತ್ತಬೇಕು. ಅವುಗಳಲ್ಲಿ ಐದಕ್ಕೆ ಶಿಫ್ಟ್ ಬೇಕು: ‘ನಾ’ದ ದೀರ್ಘ, ‘ಶ’, ಅದರ ದೀರ್ಘ, ‘ಹೋ’, ‘ದ್ದಾ’. ಇದೇ ಮಾತನ್ನು ಆಂಗ್ಲದಲ್ಲಿ ಬರೆದರೆ ‘ನಾನು’ ಎಂಬುದಕ್ಕೆ ಸಲ್ಲುವ ಒಂದಕ್ಷರಕ್ಕೆ ಮಾತ್ರ ಶಿಫ್ಟ್. ಇನ್ನೂ ಸ್ವಾರಸ್ಯವೆಂದರೆ ಆ ಐದರಲ್ಲಿ ನಾಲ್ಕು ಎಡಗೈಯ ಅಕ್ಷರಗಳು. ಎಡಗೈಯ ಅಕ್ಷರಕ್ಕೆ ಬಲಬದಿಯ ಶಿಫ್ಟನ್ನು ಬಲಗೈ ಕಿರುಬೆರಳಿನಿಂದ ಒತ್ತಬೇಕು ಎಂಬುದು ಬೆರಳಚ್ಚಿನ ನಿಯಮ. ಹೀಗಾಗಿ ನಿಯಮ ಪಾಲಿಸುವವರಿಗೆ ಬಲ ಕಿರುಬೆರಳು, ಪಾಲಿಸದೆ ಒಂದೇ ಕೈಯಲ್ಲಿ ಎರಡನ್ನೂ ಒತ್ತುವವರಿಗೆ ಎಡ ಮಣಿಕಟ್ಟು. ನನ್ನ ವಿದ್ಯಾರ್ಥಿನಿ ನಿಯಮದವಳು. ಸೀನಿಯರ್ ಪರೀಕ್ಷೆ ಪಾಸಾದವಳು. ಅವಳ ದೂರು ಬಲ ಕಿರುಬೆರಳಿನಿಂದ ಹೊರಟದ್ದು ನನಗೆ ಆಶ್ಚರ್ಯವೆನಿಸಲಿಲ್ಲ.

ಇನ್ನೊಂದು ವಿನ್ಯಾಸವಿದೆ, ಇನ್‌ಸ್ಕ್ರಿಪ್ಟ್. ಭಾರತದ ಹಲವು ಲಿಪಿಗಳಿಗೆ ಒಂದೇ ಬಗೆಯಲ್ಲಿ ಒಗ್ಗುವಂತೆ ಕೇಂದ್ರ ಸರಕಾರ ಮಾಡಿಸಿದ್ದು. ಭಾರತೀಯ ಮಾನಕ ಸಂಸ್ಥೆ 1991ರಲ್ಲಿ ಅದನ್ನು ಮಾನಕವಾಗಿ ಪ್ರಕಟಿಸಿತು. ಸ್ವರಚಿಹ್ನೆಗಳು ಎಡಗೈಗೆ, ವ್ಯಂಜನಗಳು ಹೆಚ್ಚಾಗಿ ಬಲಗೈಗೆ. ಮೇಲಿನ ಅದೇ ಮೂರು ಪದಗಳಿಗೆ ಅದರಲ್ಲಿಯೂ 23 ಒತ್ತುಗಳೇ, ಆದರೆ ಶಿಫ್ಟ್ ಬೇಕಾದದ್ದು ‘ಶ’ ಒಂದಕ್ಕೇ. ಕೈಗಳು ತಾಳ ಹಾಕಿದಂತೆ ಒಂದಾದ ಮೇಲೊಂದು ಬೀಳುತ್ತವೆ. ಹಾಗಾದರೆ ಎಲ್ಲರೂ ಅದಕ್ಕೇ ಹೋಗಬಾರದೇಕೆ ಎನ್ನುವಿರಿ. ಅಲ್ಲಿಯೂ ಕನ್ನಡದ ಕಿರುಬೆರಳಿಗೆ ಮುಕ್ತಿಯಿಲ್ಲ. ದೇವನಾಗರಿಯಲ್ಲಿ ಹ್ರಸ್ವ ಎಕಾರ, ಒಕಾರಗಳಿಗೆ ಅಷ್ಟು ಕೆಲಸವಿಲ್ಲ. ಆದ್ದರಿಂದ ಅವುಗಳನ್ನು ಮೂಲೆಗೆ ತಳ್ಳಿದ್ದಾರೆ. ನಮಗೋ, ಮನೆ, ಶಾಲೆ, ಆದರೆ, ಇಲ್ಲವೆ, ಬಂದನೆ ಎಂದು ಸಾಲು ಸಾಲಿಗೆ ಎತ್ವ. ಅದು ಕೆಳಗಿನ ಸಾಲಿನ ಎಡ ತುದಿಯಲ್ಲಿ. ಒತ್ವವಂತೂ ಎಡ ಮೇಲಿನ ಕಟ್ಟಕಡೆಯ ಮೂಲೆಯಲ್ಲಿ. ಬಲಗೈ ಕಿರುಬೆರಳಿನ ಪಾಲಿಗೆ ಚ, ಟ, ಜ, ಡ, ಯ ಐದೂ ಬಿದ್ದಿವೆ. ಆದರೂ ಹೊಸದಾಗಿ ಕಲಿಯುವ ಮಕ್ಕಳಿಗೆ, ದಿನವಿಡೀ ಬೆರಳಚ್ಚಿಸುವ ಉದ್ಯೋಗಕ್ಕೆ ಹೋಗುವವರಿಗೆ ನಾನು ಇನ್‌ಸ್ಕ್ರಿಪ್ಟನ್ನೇ ಹೇಳುತ್ತೇನೆ. ಇಪ್ಪತ್ತು ವರ್ಷ ನುಡಿಯಲ್ಲಿ ಕೈ ಕುದುರಿದವರಿಗೆ ಈಗ ಬದಲಿಸು ಎನ್ನುವುದು ಮಾತ್ರ ಕ್ರೌರ್ಯ. ನಾನೂ ಪ್ರಯತ್ನಿಸಿ ಹದಿನೈದು ದಿನಕ್ಕೆ ಬಿಟ್ಟೆ.

ಇದೆಲ್ಲ ಹೇಳಿದ್ದು ಏಕೆಂದರೆ, ಕೀಲಿಮಣೆಯನ್ನು ಹೊಗಳಿ ಬರೆಯುವವರು, ಮಾರುವವರು ಎಲ್ಲರೂ ಆಂಗ್ಲ ಬೆರಳಚ್ಚನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾತನಾಡುತ್ತಾರೆ. ಕನ್ನಡದವರು ಮೊದಲು ನೋಡಬೇಕಾದ್ದು ಬಲಬದಿಯ ಶಿಫ್ಟ್ ಎಷ್ಟು ಅಗಲವಿದೆ, ಕಿರುಬೆರಳು ಚಾಚದೆ ಅದಕ್ಕೆ ತಲುಪುತ್ತದೆಯೇ ಎಂದು. ಚಿಕ್ಕದಾಗಿರಲೆಂದು ಮಾಡಿದ ಕೆಲವು ಕೀಲಿಮಣೆಗಳಲ್ಲಿ ಬಾಣದ ಗುರುತಿನ ಕೀಲಿಗಳಿಗೆ ಜಾಗ ಮಾಡಲು ಆ ಶಿಫ್ಟನ್ನೇ ಕತ್ತರಿಸಿ ಗೇಣಿಗೆ ಕೊಟ್ಟಿರುತ್ತಾರೆ. ನೋಡಲು ಚಂದ, ನಮಗೆ ಸಲ್ಲದು. ಎರಡನೆಯದು ಒತ್ತಿನ ಹದ. ಅಗ್ಗದ ಕೀಲಿಮಣೆಗಳ ಅಡಿಯಲ್ಲಿ ರಬ್ಬರಿನ ಗುಬ್ಬಿಗಳಿರುತ್ತವೆ. ತಳ ಮುಟ್ಟುವವರೆಗೆ ಒತ್ತಿದರೇ ಅಕ್ಷರ ಬೀಳುವುದು, ಹಳತಾದಂತೆ ಇನ್ನೂ ಗಟ್ಟಿಯಾಗಿ ಕುಟ್ಟಬೇಕಾಗುತ್ತದೆ. ಸ್ಪ್ರಿಂಗಿನ ಕೀಲಿಗಳಿರುವ ಮೆಕ್ಯಾನಿಕಲ್ ಜಾತಿಯಲ್ಲಿ ಸಾಮಾನ್ಯವಾಗಿ ನಾಲ್ಕು ಮಿಲಿಮೀಟರ್ ಇಳಿಯುವ ಕೀಲಿ ಎರಡು ಮಿಲಿಮೀಟರ್ ಇಳಿದೊಡನೆ ಅಕ್ಷರ ಬೀಳುತ್ತದೆ. ಬ್ಯಾಂಕುಗಳಲ್ಲಿ ಟಿಕ್ ಟಿಕ್ ಎಂದು ಸದ್ದು ಮಾಡುತ್ತಿದ್ದ ಟಿವಿಎಸ್ ಗೋಲ್ಡ್ ಎಂಬುದನ್ನು ನೀವು ಕೇಳಿರಬಹುದು. ಅದು ಈ ಜಾತಿ. ಸದ್ದು ಬೇಡವಾದವರಿಗೆ ಸದ್ದಿಲ್ಲದ, ಹಗುರವಾದ ಸ್ಪ್ರಿಂಗಿನವೂ ಸಿಗುತ್ತವೆ. ವಯಸ್ಸಾದ ಕೈಗೆ ಹಗುರವೇ ಹಿತ.

ನಡುವೆ ಸೀಳಿದ ಕೀಲಿಮಣೆಯ ಬಗ್ಗೆ ನನ್ನ ಅಭಿಪ್ರಾಯ ಕೇಳಿದವರು ಬಹಳ. ಅದು ಮೋಸವಲ್ಲ, ಮಂತ್ರದಂಡವೂ ಅಲ್ಲ. ನೇರ ಕೀಲಿಮಣೆಯ ಮೇಲೆ ಎರಡು ಕೈಗಳನ್ನಿಟ್ಟಾಗ ಮಣಿಕಟ್ಟುಗಳು ಕಿರುಬೆರಳಿನ ಕಡೆಗೆ ಓರೆಯಾಗುತ್ತವೆ. ಅಗಲ ಭುಜದವರಿಗೆ, ನನ್ನಂತೆ ಹೊಟ್ಟೆ ಮುಂದಾದವರಿಗೆ ಈ ಓರೆ ಇನ್ನೂ ಹೆಚ್ಚು. ಸೀಳಿದ ಮಣೆ ಆ ಓರೆಯನ್ನು ನೆಟ್ಟಗೆ ಮಾಡುತ್ತದೆ. ಇದು ಅಳತೆಗೆ ಸಿಕ್ಕ ಸಂಗತಿ. ಅದರಿಂದ ನೋವು ವಾಸಿಯಾಗಿಯೇ ತೀರುತ್ತದೆ ಎಂಬುದಕ್ಕೆ ಅಷ್ಟು ಗಟ್ಟಿಯಾದ ಸಾಕ್ಷ್ಯವಿಲ್ಲ. ಮೈಕ್ರೋಸಾಫ್ಟ್ ಸಂಸ್ಥೆ 1994ರಲ್ಲಿ ಇಂಥದೊಂದನ್ನು ಹೊರತಂದ ಮೇಲೆ ಇವು ಮನೆಮನೆಗೆ ಬಂದವು. ಈಗ ಎರಡು ಪೂರ್ಣ ತುಂಡುಗಳಾಗಿ, ಬೇಕಾದಷ್ಟು ದೂರ ಇಟ್ಟುಕೊಳ್ಳಬಹುದಾದವೂ ಇವೆ. ನನಗಂತೂ ಮೇಜಿನ ಎತ್ತರ ಸರಿಯಾದ ಮೇಲೆ ಶಿಷ್ಯ ಕಳುಹಿಸಿದ ಮಣೆ ಹಿತವೆನಿಸಿತು, ಈಗಲೂ ದೀರ್ಘ ಬರಹಕ್ಕೆ ಅದನ್ನೇ ಬಳಸುತ್ತೇನೆ. ಮೇಜಿಗಿಂತ ಮೊದಲು ಮಣೆ ಕೊಂಡವನು ಕಾಲಿಗೆ ಅಳತೆಯಾಗದ ಚಪ್ಪಲಿಗೆ ಹೊಳಪು ಹಚ್ಚಿದ ಹಾಗೆ.

ಕೀಲಿಮಣೆಯ ಹಿಂಬದಿಯಲ್ಲಿ ಎರಡು ಪುಟ್ಟ ಕಾಲುಗಳಿರುತ್ತವಲ್ಲ, ಅವುಗಳನ್ನು ಈ ಕ್ಷಣವೇ ಮಡಚಿ. ಕಣ್ಣಿಗೆ ಕೀಲಿಗಳು ಚೆನ್ನಾಗಿ ಕಾಣುತ್ತವೆ, ಆದರೆ ಮಣಿಕಟ್ಟು ಮೇಲ್ಮುಖವಾಗಿ ಬಾಗುತ್ತದೆ. ಮುಂದೆ ಇಟ್ಟುಕೊಳ್ಳುವ ಮೆತ್ತೆ ಬಿಡುವಿನಲ್ಲಿ ಕೈ ಊರಲು; ಬೆರಳು ಓಡುವಾಗ ಊರಲು ಅಲ್ಲ. ಬಲಬದಿಯ ಅಂಕಿಗಳ ಗುಂಪು ಬೇಡದವರು ಅದಿಲ್ಲದ ಗಿಡ್ಡ ಮಣೆಯನ್ನೇ ಕೊಳ್ಳಬಹುದು, ಮೌಸ್ ಹತ್ತಿರ ಬರುತ್ತದೆ. ಇನ್ನು, ಶಿಫ್ಟನ್ನು ಐದು ಸಲ ಒತ್ತಿದರೆ ವಿಂಡೋಸಿನಲ್ಲಿ ಏನೋ ಒಂದು ಚೌಕ ಎದ್ದು ಬಂದು ನಾವು ಗಾಬರಿಯಿಂದ ಅದನ್ನು ಮುಚ್ಚುತ್ತೇವಲ್ಲ, ಅದರ ಹೆಸರು ಸ್ಟಿಕಿ ಕೀಸ್. ಅದನ್ನು ಒಪ್ಪಿಕೊಂಡರೆ ಶಿಫ್ಟನ್ನು ಹಿಡಿದಿಟ್ಟುಕೊಳ್ಳಬೇಕಾಗಿಲ್ಲ. ಒಮ್ಮೆ ಒತ್ತಿ ಬಿಟ್ಟು, ಬಳಿಕ ಅಕ್ಷರವನ್ನು ಒತ್ತಿದರೆ ಸಾಕು. ದೀರ್ಘಗಳ ಭಾಷೆಗೆಂದೇ ಮಾಡಿದಂತಿದೆ. ಒಂದು ಕಾಸಿನ ಖರ್ಚಿಲ್ಲ.

ಫೋನಿಗೆ ಮಾತನಾಡಿದರೆ ಅದೇ ಬರೆಯುತ್ತದೆ, ಕೀಲಿಮಣೆಯ ಹಂಗೇಕೆ ಎಂದು ಮೊಮ್ಮಕ್ಕಳು ಕೇಳುತ್ತಾರೆ. ಗೂಗಲ್ 2017ರಿಂದ ಕನ್ನಡವನ್ನೂ ಕೇಳಿ ಬರೆಯುತ್ತಿದೆ, ನಿಜ. ಒಂದು ಚೀಟಿ ಬರೆಯಲು ಬಹಳ ಅನುಕೂಲ. ಆದರೆ ಮಾತಿನ ವಾಕ್ಯ ಬೇರೆ, ಬರಹದ ವಾಕ್ಯ ಬೇರೆ. ಜೊತೆಗೆ, ಹತ್ತು ಜನ ಕುಳಿತ ಕಛೇರಿಯಲ್ಲಿ ಹತ್ತೂ ಜನ ತಮ್ಮ ತಮ್ಮ ಕಡತಗಳನ್ನು ಗಟ್ಟಿಯಾಗಿ ಓದತೊಡಗಿದರೆ ಒಂದನೇ ತರಗತಿಯ ಮಗ್ಗಿಯಂತಾದೀತು.

ಬೆರಳು ಜೋಮು ಹಿಡಿಯುವುದು, ರಾತ್ರಿ ಎಚ್ಚರವಾಗುವಷ್ಟು ಉರಿಯುವುದು, ಹಿಡಿತ ಸಡಿಲಾಗುವುದು ಇವುಗಳಿದ್ದರೆ ಕೀಲಿಮಣೆ ಹುಡುಕುತ್ತ ಕೂರಬೇಡಿ, ವೈದ್ಯರಲ್ಲಿಗೆ ಹೋಗಿ. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಿಗೆ ಒಂದು ನರ. ಕಿರುಬೆರಳಿಗೆ ಮೊಣಕೈಯ ಒಳಬದಿಯಿಂದ ಬರುವ ಇನ್ನೊಂದು ನರ. ಯಾವ ಬೆರಳು ಎಂಬುದನ್ನು ಸರಿಯಾಗಿ ಹೇಳಿದರೆ ವೈದ್ಯರ ಅರ್ಧ ಕೆಲಸ ಮುಗಿದಂತೆ ಎಂದು ನಮ್ಮ ಹುಡುಗಿ ಹೇಳುತ್ತಾಳೆ.

ಇನ್ನು ನನ್ನ ಮುಖ್ಯ ತಕರಾರು. ನಮ್ಮ ಕಡೆ ಅಡಿಕೆ ಸುಗ್ಗಿಯಲ್ಲಿ ಸುಲಿಯಲು ಬರುವವರು ತಮ್ಮ ತಮ್ಮ ಮೆಟ್ಟುಗತ್ತಿಯನ್ನು ತಾವೇ ತರುತ್ತಿದ್ದರು. ಯಜಮಾನ ಎಷ್ಟೇ ಹೊಸ ಕತ್ತಿ ಕೊಟ್ಟರೂ ಮುಟ್ಟುತ್ತಿರಲಿಲ್ಲ. ಅದರ ಎತ್ತರ, ಬಾಗು, ಕೂರುವ ಹಲಗೆ ಎಲ್ಲ ಅವರವರ ಮೈಗೆ ಹೊಂದಿದ್ದು. ಆಚಾರಿ ಕೈ ನೋಡಿಯೇ ಹಿಡಿ ಹಾಕುತ್ತಿದ್ದ. ಕೂಲಿಯವರಿಗೆ ಇದ್ದ ಆ ಹಕ್ಕು ಕಛೇರಿಯಲ್ಲಿ ಬೆರಳಚ್ಚಿಸುವವರಿಗೆ ಏಕಿಲ್ಲ? ಕೀಲಿಮಣೆಯನ್ನು ಕೊಳ್ಳುವವರು ಒಂದು ದಿನವೂ ಅದರ ಮೇಲೆ ಬೆರಳಿಟ್ಟವರಲ್ಲ. ದರಪಟ್ಟಿಯಲ್ಲಿ ಯಾವುದು ಕಡಿಮೆಯೋ ಅದು ಬರುತ್ತದೆ, ಐದಡಿ ಇಲ್ಲದವಳಿಗೂ ಆರಡಿಯವನಿಗೂ ಒಂದೇ ಮೇಜು, ಒಂದೇ ಕುರ್ಚಿ. ನನ್ನ ವಿದ್ಯಾರ್ಥಿನಿ ಒಮ್ಮೆ ಬೇರೆ ಕೀಲಿಮಣೆ ಕೇಳಿದಾಗ, “ಎಲ್ಲರೂ ಇದರಲ್ಲೇ ಮಾಡ್ತಿಲ್ವಾ?” ಎಂಬ ಉತ್ತರ ಬಂತಂತೆ. ಅವಳು ಸುಮ್ಮನಾದಳು. ಸುಮ್ಮನಾಗುವುದನ್ನು ಕಲಿಸಿದ್ದು ನಾವೇ ಅಲ್ಲವೆ?

1963ರಲ್ಲಿಯೇ ಕನ್ನಡ ರಾಜ್ಯದ ಆಡಳಿತ ಭಾಷೆ ಎಂದು ಕಾನೂನಾಯಿತು. ಪ್ರತಿ ನವೆಂಬರಿನಲ್ಲಿ ಬಾವುಟ, ಭಾಷಣ, ಶಾಲು. ಆದರೆ ಆ ಆಡಳಿತ ಕನ್ನಡ ನಿಜವಾಗಿ ಕಾಗದಕ್ಕೆ ಇಳಿಯುವುದು ಇಂಥ ಹೆಣ್ಣುಮಕ್ಕಳ, ಗಂಡುಮಕ್ಕಳ ಬೆರಳ ತುದಿಯಿಂದ. ಪಹಣಿ, ಆದೇಶ, ನಡವಳಿ, ಸುತ್ತೋಲೆ ಎಲ್ಲದರ ಪ್ರತಿ ದೀರ್ಘಕ್ಕೂ ಒಂದು ಕಿರುಬೆರಳು ಚಾಚಿದೆ. ಕನ್ನಡದ ಕೆಲಸ ಮಾಡಿದವರಿಗೆ ಸನ್ಮಾನ ಮಾಡುವಾಗ ಶಾಲಿನ ಬದಲು ಎತ್ತರ ಹೊಂದಿಸಬಹುದಾದ ಒಂದು ಕುರ್ಚಿ ಕೊಡಲಿ ಎಂದು ನಾನು ಒಂದು ಸಭೆಯಲ್ಲಿ ಹೇಳಿದೆ. ಜನ ಚಪ್ಪಾಳೆ ತಟ್ಟಿದರು, ಬಳಿಕ ನನಗೆ ಒಂದು ಶಾಲು ಹೊದಿಸಿದರು.

ಆ ದಿನ ಕರೆಯೋಲೆ ಪಕ್ಕಕ್ಕಿಟ್ಟು ಅವಳನ್ನು ನನ್ನ ಮೇಜಿನ ಮುಂದೆ ಕೂರಿಸಿದೆ. ಕುರ್ಚಿಯನ್ನು ಎತ್ತರಿಸಿದರೆ ಕೈ ಸರಿಹೋಯಿತು, ಕಾಲು ನೆಲ ಮುಟ್ಟದೆ ತೂಗಾಡಿತು. ನನ್ನಾಕೆ ಒಳಗಿನಿಂದ ಹಲಸಿನ ಮರದ ಹಳೆಯ ಊಟದ ಮಣೆಯೊಂದನ್ನು ತಂದು ಕಾಲಡಿಗೆ ಇಟ್ಟಳು. ಕೀಲಿಮಣೆಗೆ ಕಾಲ್ಮಣೆ ಸೇರಿತು. ಮರುವಾರ ಇಬ್ಬರೂ ಪೇಟೆಗೆ ಹೋದೆವು. ಮೊದಲ ಅಂಗಡಿಯಲ್ಲಿ ಡಬ್ಬ ಒಡೆಯಲು ಒಪ್ಪಲಿಲ್ಲ. ಎರಡನೆಯ ಕಡೆ ಮಾಲೀಕರ ಮಗ ಮೂರು ಕೀಲಿಮಣೆಗಳನ್ನು ತೆರೆದು ಮುಂದಿಟ್ಟ. “ಏನು ಬರೀಲಿ ಸರ್?” ಎಂದಳು. “ಏನಾದರೂ ಬರೆ, ಕೈ ಏನು ಹೇಳುತ್ತೆ ಕೇಳು” ಎಂದೆ. ಅವಳು ಒಂದು ಸುತ್ತೋಲೆಯ ಒಕ್ಕಣೆಯನ್ನೇ ಬಾಯಿಪಾಠದಂತೆ ಮೂರರಲ್ಲಿಯೂ ಬಡಿದಳು. ಅತ್ಯಂತ ದುಬಾರಿಯದನ್ನು ಬಿಟ್ಟು, ಹಗುರ ಒತ್ತಿನ, ಬಲ ಶಿಫ್ಟ್ ಅಗಲವಿರುವ ಒಂದು ನೇರ ಮಣೆಯನ್ನು ಆರಿಸಿಕೊಂಡಳು. ಅಂಕಿಗಳ ಕೆಲಸ ಹೆಚ್ಚಾದ್ದರಿಂದ ಆ ಗುಂಪೂ ಅವಳಿಗೆ ಬೇಕಿತ್ತು. ಮೌಸನ್ನು ಎಡಗೈಗೆ ಬದಲಿಸಿಕೊಳ್ಳುತ್ತೇನೆಂದಳು. ದುಡ್ಡು ಅವಳದೇ. ಅದನ್ನು ಕಛೇರಿ ಕೊಡಬೇಕಾಗಿತ್ತು ಎಂಬುದನ್ನು ದಾರಿಯುದ್ದಕ್ಕೂ ಹೇಳಿದೆ. ಒಂದು ಅರ್ಜಿಯ ಕರಡನ್ನೂ ಬರೆದುಕೊಟ್ಟೆ. ಅರ್ಜಿ ಇನ್ನೂ ಮೇಜಿನಿಂದ ಮೇಜಿಗೆ ಹೋಗುತ್ತಿದೆಯಂತೆ.

ಸಂಕ್ರಾಂತಿಗೆ ಫೋನು ಮಾಡಿದ್ದಳು. ನೋವು ಪೂರ್ತಿ ಹೋಗಿಲ್ಲ, ಆದರೆ ಲೋಟ ಬಲಗೈಯಲ್ಲೇ ಹಿಡಿಯುತ್ತಿದ್ದಾಳೆ. ವೈದ್ಯರು ನರದ ಪರೀಕ್ಷೆ ಮಾಡಿಸಿ ವ್ಯಾಯಾಮ ಹೇಳಿಕೊಟ್ಟಿದ್ದಾರೆ. ಕಛೇರಿಯಲ್ಲಿ ಮೇಜಿನ ಕೆಳಗಿನ ಮಣೆ ಕಂಡು ಮೊದಲು ಎಲ್ಲರೂ ನಕ್ಕರಂತೆ. “ಈಗ ಪಕ್ಕದ ಸೀಟಿನವರೂ ಒಂದು ಬೇಕು ಅಂತಿದ್ದಾರೆ ಸರ್, ಅಮ್ಮನ ಹತ್ತಿರ ಇನ್ನೊಂದು ಇದೆಯಾ ಕೇಳ್ತೀರಾ?” ಎಂದಳು. ಕೇಳಿದೆ. ಅಟ್ಟದ ಮೇಲೆ ಇನ್ನೂ ಮೂರು ಇವೆಯಂತೆ.